ಒಂಬತ್ತನೇ ಕೊಳವೆ

ಜನವರಿ 9

ಗುಬ್ಬಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಭಾವ ತಮ್ಮ ಫೋನಿನಿಂದ ಮಾಡಿ ನೋಡಿದರು. ನನ್ನ ಹೆಸರು ಬಂದ ಕೂಡಲೇ ಇಟ್ಟುಬಿಟ್ಟೆಯಂತೆ. ಅಮ್ಮ ಹೋದಾಗಲೂ ಒಂದೇ ಕೋಣೆಯ ಎರಡು ಮೂಲೆಯಲ್ಲಿ ಕೂತು ಎದ್ದು ಬಂದವರು ನಾವು. ಅದಕ್ಕೇ ಕಾಗದ.

ಸುತ್ತಿ ಬಳಸದೆ ಹೇಳುತ್ತೇನೆ. ಒಂದು ಬಣ್ಣದ ಕಾರ್ಖಾನೆಯವರು ತಮ್ಮ ಕೊಳಕು ನೀರು ನಿಲ್ಲಿಸಲು ದೊಡ್ಡ ಹೊಂಡ ತೋಡುತ್ತಿದ್ದಾರೆ. ತಳಕ್ಕೆ ಜೇಡಿಮಣ್ಣು ಹಾಸುವುದಿಲ್ಲ, ಬರೀ ಮರಳು. ಅವರ ಧೈರ್ಯಕ್ಕೆ ನನ್ನ ಸಮೀಕರಣ ಕಾರಣ. ನೀರು ಹರಿದಷ್ಟೂ ಸಣ್ಣ ಕಣಗಳು ದೊಡ್ಡ ಕಣಗಳ ಸಂದಿಗೆ ಇಳಿದು ಕೂರುತ್ತವೆ, ಮರಳು ತನ್ನಷ್ಟಕ್ಕೆ ಬಿಗಿಯಾಗುತ್ತದೆ, ವರ್ಷದೊಳಗೆ ಸೋರುವುದು ನಿಲ್ಲುತ್ತದೆ. ನನ್ನ ಪ್ರಬಂಧದ ತಿರುಳು ನಿನಗೆ ಗೊತ್ತೇ ಇದೆ. ಎಂಟು ವರ್ಷದ ಹಿಂದೆ ಚರ್ಮ ಹದ ಮಾಡುವವರ ಹೊಂಡವನ್ನೂ ಇದೇ ಲೆಕ್ಕದ ಮೇಲೆ ಕಟ್ಟಿದರು. ಇವತ್ತಿನವರೆಗೆ ಒಂದು ದೂರು ಬಂದಿಲ್ಲ.

ಈಗ ಪರಿಶೀಲನಾ ಸಮಿತಿಗೆ ಹೊಸ ಅಧ್ಯಕ್ಷರು ಬಂದಿದ್ದಾರೆ. ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿ. ಸಮೀಕರಣ ಸಾಲದು, ಅದು ಹುಟ್ಟಿದ ಪ್ರಯೋಗದ ಮೂಲ ನೋಟ್‌ಬುಕ್ ಬೇಕು ಎಂದು ಕೂತಿದ್ದಾರೆ. ಮರಳು ತುಂಬಿದ ಒಂಬತ್ತು ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ನೀನು ದಿನಾ ಅಳೆದು ಬರೆದದ್ದು, ಪೂರ್ತಿ ನಿನ್ನ ಕೈಬರಹ. ಪ್ರಯೋಗಾಲಯ ಬಿಡುವಾಗ ನೀನು ಅದನ್ನು ಜೊತೆಗೆ ಒಯ್ದೆ ಎಂದು ನನಗೆ ಆಗಲೇ ಗೊತ್ತಿತ್ತು. ಕೇಳಲಿಲ್ಲ ಅಷ್ಟೆ.

ಏಪ್ರಿಲ್ ಹದಿನೈದಕ್ಕೆ ಸಮಿತಿ ಸೇರುತ್ತದೆ. ಏಳನೇ ಕೊಳವೆಯ ಪುಟಗಳು ಸಿಕ್ಕಿದರೂ ಸಾಕು. ಹಳೆಯದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ. ನಮಗೂ ವಯಸ್ಸಾಯಿತು.

ನಿನ್ನ ಅಕ್ಕ


ಜನವರಿ 20

ಅಕ್ಕ,

ಗುಬ್ಬಿ ಎಂದು ಕರೆಯಬೇಡ. ಆ ಹೆಸರಿಗೆ ಓಗೊಡುತ್ತಿದ್ದವಳು ನಿನ್ನ ಪರೀಕ್ಷೆಯ ದಿನವೇ ಹಾರಿಹೋದಳು.

ಕಾಗದ ತಂದುಕೊಟ್ಟವರು ನಮ್ಮ ಮೇಸ್ತ್ರಿ. ಲಕೋಟೆಯ ಹಿಂದೆ ನಿನ್ನ ಹೆಸರು ಓದಿ, "ಏನಮ್ಮಾ, ಯಾರೋ ಡಾಕ್ಟರು ಬರ್ದಿದಾರೆ, ಹುಷಾರಿಲ್ವಾ?" ಎಂದರು. "ನಂಗೇನಾಗಿದೆ, ಅವ್ರಿಗೇ ಹುಷಾರಿಲ್ಲ" ಎಂದೆ. ನಾನು ಊರಿನ ನೀರು ಶುದ್ಧೀಕರಣ ಘಟಕದಲ್ಲಿದ್ದೇನೆ, ನಿನಗೆ ಗೊತ್ತಿರಲಾರದು. ನಾಲ್ಕು ಮರಳುತೊಟ್ಟಿಗಳ ಉಸ್ತುವಾರಿ ನನ್ನದು. ಒಂದೊಂದು ತೊಟ್ಟಿಯೂ ನಿನ್ನ ಉಪನ್ಯಾಸದ ಕೋಣೆಯಷ್ಟು ದೊಡ್ಡದು. ಮೇಲೆ ನೀರು ಬಿಡುತ್ತೇವೆ, ಮರಳಿನಲ್ಲಿ ಇಳಿದು ಕೆಳಗೆ ತಿಳಿಯಾಗಿ ಬರುತ್ತದೆ. ನೀನು ಕಾಗದದ ಮೇಲೆ ಹರಿಸುವ ನೀರನ್ನು ನಾನು ದಿನಾ ಬೂಟು ಹಾಕಿಕೊಂಡು ತುಳಿಯುತ್ತೇನೆ.

ಹಳೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದೆಯಲ್ಲ, ಯಾವುದನ್ನು ಎಂದು ಬರೆಯಲೇ ಇಲ್ಲ. ನಾನು ಬರೆಯುತ್ತೇನೆ. ನಿನ್ನ ಪ್ರಬಂಧದ ಪರೀಕ್ಷೆ ನಡೆದ ಕೋಣೆಯಲ್ಲಿ ಮೂವರು ಪರೀಕ್ಷಕರು, ಹತ್ತೋ ಹನ್ನೆರಡೋ ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರ್ ಪಕ್ಕ ನಾನು. ನೀನು ಏಳನೇ ಕೊಳವೆಯ ಗೆರೆ ತೋರಿಸಿದೆ. ನಲವತ್ತು ದಿನದಲ್ಲಿ ಹರಿವು ಮೂರನೇ ಒಂದು ಪಾಲಿಗೆ ಇಳಿದಿತ್ತು. ಎಲ್ಲರೂ ತಲೆ ಆಡಿಸಿದರು. ದಪ್ಪ ಕನ್ನಡಕದ ಒಬ್ಬರು ಮಾತ್ರ, "ಒಂಬತ್ತನೇದು ಯಾಕೆ ಇಳೀಲಿಲ್ಲ? ಮರಳು ಅದೇ ಅಲ್ವಾ?" ಎಂದು ಕೇಳಿದರು. ನೀನು ಒಂದು ಕ್ಷಣವೂ ತಡವರಿಸಲಿಲ್ಲ. "ಅದನ್ನ ಬಿಟ್ಬಿಡಿ ಸರ್. ಸಹಾಯಕಿ ಸರಿಯಾಗಿ ತುಂಬಿಲ್ಲ. ಅವಳಿಗೆ ಹೇಳಿದೀನಿ" ಎಂದೆ.

ಆ ಸಹಾಯಕಿ ನಿನ್ನ ಒಡಹುಟ್ಟಿದವಳು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಡ ಎಂದವಳೂ ನೀನೇ. ಮುಂದಿನ ತಿಂಗಳು ನನ್ನ ಗುತ್ತಿಗೆ ಮುಗಿಯಿತು. ಕೊಟ್ಟ ಪತ್ರದಲ್ಲಿ 'ಅಳತೆಯಲ್ಲಿ ಎಚ್ಚರ ಸಾಲದು' ಎಂದಿತ್ತು. ಅದನ್ನು ಹಿಡಿದು ಐದು ಪ್ರಯೋಗಾಲಯಗಳ ಮೆಟ್ಟಿಲು ಹತ್ತಿದೆ, ಇಳಿದೆ. ಆಮೇಲೆ ಆರು ವರ್ಷ ಬಟ್ಟೆ ಅಂಗಡಿಯಲ್ಲಿ ಮೀಟರುಕೋಲು ಹಿಡಿದೆ. ಅಲ್ಲಿ ಒಬ್ಬರೂ ನನ್ನ ಅಳತೆ ತಪ್ಪು ಎನ್ನಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಿಬ್ಬರಲ್ಲಿ ಕೈ ನನ್ನದು, ಬಾಯಿ ನಿನ್ನದು.

ನೋಟ್‌ಬುಕ್ ಇದೆ. ಒಂದು ಪುಟವೂ ಹರಿದಿಲ್ಲ. ಬೇಕಾದರೆ ಮೊದಲು ಒಂದು ಕೆಲಸ ಮಾಡು. ಆ ದಿನ ಒಂಬತ್ತನೇ ಕೊಳವೆಯ ಬಗ್ಗೆ ಏನು ಹೇಳಿದೆ, ಅದು ನಿಜವೋ ಸುಳ್ಳೋ, ನಿನ್ನ ಕೈಯಾರೆ ಬರೆದು ಕಳಿಸು. ಬಾಯಿಮಾತು ಬೇಡ. ನೀನು ಬಾಯಿಮಾತನ್ನು ಹೇಗೆ ಹೊರಳಿಸುತ್ತೀ ಎಂದು ಕಣ್ಣಾರೆ ಕಂಡಿದ್ದೇನೆ. ನಾನು ಬರೆದದ್ದಕ್ಕೆಲ್ಲ ಕಾರ್ಬನ್ ಪ್ರತಿ ಇಟ್ಟುಕೊಳ್ಳುತ್ತೇನೆ. ಅಳತೆ ಬರೆಯುವವರ ಚಾಳಿ, ಬಿಟ್ಟು ಹೋಗುವುದಿಲ್ಲ.

ತಂಗಿ


ಫೆಬ್ರವರಿ 2

ಗುಬ್ಬಿ (ಬಾಯಿಗೆ ಬೇರೆ ಹೆಸರು ಬರುವುದಿಲ್ಲ, ಏನು ಮಾಡಲಿ),

ನಿನ್ನ ಕಾಗದವನ್ನು ಭಾವನಿಗೂ ತೋರಿಸಲಿಲ್ಲ. ಅಷ್ಟು ಖಾರ.

ಪರೀಕ್ಷೆಯಲ್ಲಿ ಎಲ್ಲರೂ ಏನಾದರೊಂದು ಹೇಳಿ ಪಾರಾಗುತ್ತಾರೆ. ಒಂದು ಕೊಳವೆ ಉಳಿದವುಗಳ ಹಾಗೆ ನಡೆಯದಿದ್ದರೆ ತುಂಬುವಾಗ ಏನೋ ಆಗಿರಬೇಕು ಎನ್ನುವುದು ನಮ್ಮ ವಿದ್ಯೆಯಲ್ಲಿ ರೂಢಿ. ಯಾರನ್ನೂ ಹಳಿಯಲು ಹೇಳಿದ ಮಾತಲ್ಲ. ನಿನ್ನ ಗುತ್ತಿಗೆಯ ವಿಷಯ ಕಚೇರಿಯವರದ್ದು, ಆ ಪತ್ರ ಬರೆದವಳು ನಾನಲ್ಲ. ತಡೆಯಬಹುದಿತ್ತು ಎನ್ನುತ್ತೀಯ. ಇರಬಹುದು. ಆಗ ನನಗೂ ಇಪ್ಪತ್ತೆಂಟು.

ನಿನಗೆ ಇಷ್ಟವಿದ್ದರೆ ನಮ್ಮ ಹೊಸ ಪ್ರಯೋಗಾಲಯಕ್ಕೆ ಮುಖ್ಯ ಸಹಾಯಕಿ ಬೇಕಾಗಿದ್ದಾರೆ. ನಾನು ಒಂದು ಮಾತು ಹೇಳಿದರೆ ಆಗುತ್ತದೆ. ಆ ತೊಟ್ಟಿ ತುಳಿಯುವ ಕೆಲಸ ಎಷ್ಟು ದಿನ ಮಾಡುತ್ತೀ?

ನೋಟ್‌ಬುಕ್ ಕಳಿಸು. ಅಧ್ಯಕ್ಷರು ವಾರಕ್ಕೊಮ್ಮೆ ನೆನಪಿಸುತ್ತಿದ್ದಾರೆ.

ಅಕ್ಕ


ಫೆಬ್ರವರಿ 11

ಅಕ್ಕ,

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ನೀನು ಬದಲಾಗಿಲ್ಲ, ಸಂತೋಷ. ಬದಲಾಗಿದ್ದರೆ ನನ್ನ ಆಟ ಕೆಡುತ್ತಿತ್ತು.

ನಿಜವೋ ಸುಳ್ಳೋ ಎಂದು ಕೇಳಿದ್ದೆ. ಎರಡರಲ್ಲಿ ಒಂದನ್ನೂ ಬರೆಯಲು ನಿನ್ನ ಕೈ ಏಳಲಿಲ್ಲ. ಸರಿ, ನೀನು ಕೇಳಿದ ಪುಟದ ನಕಲು ಇದರ ಜೊತೆ ಇದೆ. ಕೇಳದ ಪುಟದ್ದೂ ಇದೆ. ಒಂಬತ್ತನೇ ಕೊಳವೆಯ ಪುಟದ ಅಂಚಿನಲ್ಲಿ ಅಡ್ಡವಾಗಿ ಏನು ಬರೆದಿದ್ದೇನೆ ನೋಡು. 'ನಲ್ಲಿಯಲ್ಲಿ ನೀರಿಲ್ಲ. ಇದಕ್ಕೆ ಕಾಯಿಸಿ ಆರಿಸಿದ ನೀರು. ಕೊನೆವರೆಗೂ ಇದೇ.' ಆ ತಿಂಗಳು ಪೈಪ್ ರಿಪೇರಿ ನಡೆದಿತ್ತು, ಪಕ್ಕದ ಕೋಣೆಯಿಂದ ಕಾಯಿಸಿದ ನೀರು ಹೊತ್ತು ತಂದೆ. ನಡುವೆ ನೀರು ಬದಲಿಸಿದರೆ ಅಳತೆ ಕೆಡುತ್ತದೆ ಎಂದು ನಲವತ್ತು ದಿನವೂ ಹೊತ್ತೆ. ಉಳಿದ ಎಂಟು ಕೊಳವೆಗಳಿಗೆ, ರಿಪೇರಿಗೆ ಮುಂಚೆ, ಹೋದದ್ದು ನಲ್ಲಿಗೆ ಬರುವ ಚಾವಣಿಯ ತೊಟ್ಟಿಯ ನೀರು. ನೀನು ಅಂಕಿಗಳನ್ನು ಮಾತ್ರ ನಕಲು ಮಾಡಿಕೊಂಡೆ. ಅಂಚಿನ ಕಡೆ ಕಣ್ಣು ಹಾಯಿಸಲಿಲ್ಲ. ಸಹಾಯಕಿಯ ಗೀಚು ಯಾರು ಓದುತ್ತಾರೆ.

ನನಗೂ ಅದರ ಅರ್ಥ ಆಗ ತಿಳಿದಿರಲಿಲ್ಲ. ಏಳು ವರ್ಷದ ಮೇಲೆ ತಿಳಿಯಿತು. ಘಟಕಕ್ಕೆ ಸೇರಿದ ಹೊಸತು. ಎರಡನೇ ತೊಟ್ಟಿಯಲ್ಲಿ ನೀರು ಇಳಿಯುವುದು ನಿಧಾನವಾಗಿತ್ತು. ಬರಿದು ಮಾಡಿ ಎಲ್ಲರೂ ಚಪ್ಪಟೆ ಸಲಿಕೆ ಹಿಡಿದು ಇಳಿದೆವು. ಮರಳಿನ ಮೇಲೆ ಬೆರಳು ದಪ್ಪ ಹಸಿರುಕಂದು ಲೋಳೆ. ನಾನು ನಿನ್ನಿಂದ ಕಲಿತ ಪಾಠ ಒಪ್ಪಿಸಿದೆ, "ಮರಳು ಬಿಗಿಯಾಗಿದೆ ಅಲ್ವಾ?" ಎಂದೆ. ಮೇಸ್ತ್ರಿ ನಕ್ಕರು. "ಮರಳೇನ್ ಮಾಡುತ್ತಮ್ಮಾ, ಅದು ಪಾಪದ್ದು. ನೀರನ್ನ ಹಿಡ್ಕೊಳ್ಳೋದು ಈ ಲೋಳೆ. ಜೀವ ಇರೋ ನೀರಲ್ಲಿ ಬೆಳೆಯುತ್ತೆ. ಕೆರೆದ್ರೆ ಮತ್ತೆ ಮೊದಲಿನ ಹಾಗೇ ಇಳಿಯುತ್ತೆ ನೋಡಿ." ಕೆರೆದೆವು. ಇಳಿಯಿತು.

ಸಲಿಕೆ ಹಿಡಿದುಕೊಂಡೇ ನಕ್ಕೆ ಅಕ್ಕ. ನಮ್ಮ ಕೊಳವೆಗಳು ನಿಂತಿದ್ದ ಬಿಸಿಲಿನ ಕಿಟಕಿ, ಗಾಜಿನ ಒಳಗಿನ ಹಸಿರು ಉಂಗುರ, ನಾನು ಅದನ್ನು ಬಟ್ಟೆಯಿಂದ ಒರೆಸಲು ಹೊರಟರೆ ನೀನು "ಮುಟ್ಬೇಡ, ಮರಳು ಅಲುಗಾಡುತ್ತೆ" ಎಂದದ್ದು, ಎಲ್ಲ ಸಾಲಾಗಿ ಬಂದವು. ನಿನ್ನ ಸಮೀಕರಣದಲ್ಲಿ ಒಂದು ಪದ ಇದೆಯಲ್ಲ, ಬಿಗಿತದ್ದು, ದೇಶ ವಿದೇಶದಲ್ಲಿ ನಿನ್ನ ಹೆಸರು ಹಿಡಿದು ಕರೆಯುತ್ತಾರಂತೆ, ಅದು ಪಾಚಿ. ನೀನು ಡಾಕ್ಟರಾದದ್ದು ಪಾಚಿಯ ಮೇಲೆ. ಒಂಬತ್ತರಲ್ಲಿ ಪಾಚಿ ಬೆಳೆಯಲಿಲ್ಲ, ಹರಿವು ಇಳಿಯಲಿಲ್ಲ. ಒಂಬತ್ತೂ ಕೊಳವೆಗಳಲ್ಲಿ ಮರಳಿನ ವಿಷಯ ನಿಜ ಹೇಳಿದ್ದು ಅದೊಂದೇ, ಸರಿಯಾಗಿ ತುಂಬಿಲ್ಲ ಎಂದು ನೀನು ಎಸೆದದ್ದು.

ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ ಎನ್ನುತ್ತಾರೆ. ನಾನೂ ಲೆಕ್ಕ ತಪ್ಪಿಸಿಲ್ಲ, ಆ ತೊಟ್ಟಿಯಲ್ಲಿ ತಿಳಿದಂದಿನಿಂದ ಇದು ಹನ್ನೆರಡನೇ ವರ್ಷ. ನಿನಗೆ ಪ್ರಶಸ್ತಿ ಬಂದ ದಿನವೆಲ್ಲ ಪತ್ರಿಕೆ ಕತ್ತರಿಸಿ ಇಟ್ಟುಕೊಂಡೆ. ಏಣಿ ಇನ್ನೂ ಎತ್ತರ ಹೋಗಲಿ, ಆಮೇಲೆ ಒದೆಯೋಣ ಎಂದು.

ಬಣ್ಣದ ನೀರಿನಲ್ಲಿ ಪಾಚಿ ಬದುಕುತ್ತದೆಯೇ, ಯೋಚಿಸು. ಆ ಹೊಂಡ ಎಂದೂ ಮುಚ್ಚಿಕೊಳ್ಳುವುದಿಲ್ಲ. ಏಪ್ರಿಲ್ ಹದಿನೈದಕ್ಕೆ ಸಮಿತಿಯ ಮುಂದೆ ನಿಂತು ನೀನೇ ಹೇಳು. ಒಂಬತ್ತನೇ ಕೊಳವೆ ಸರಿಯಾಗಿತ್ತು, ತುಂಬಿದವಳು ನನ್ನ ತಂಗಿ, ನಾನು ಅವಳ ಮೇಲೆ ಹಾಕಿದ್ದು ಸುಳ್ಳು, ಈ ಮೂರು ಮಾತು. ನೀನು ಹೇಳದಿದ್ದರೆ ಹದಿನಾರಕ್ಕೆ ನಾನು ಹೇಳುತ್ತೇನೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ತಂಗಿ


ಮಾರ್ಚ್ 28

ಗುಬ್ಬಿ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಮರಳು ತುಂಬುತ್ತಿದ್ದೆ.

ಯಾರ ಕೈಗೂ ಕೊಡಲಿಲ್ಲ. ಹಳೆಯ ಕಟ್ಟಡದ ಅದೇ ಕಿಟಕಿಯ ಪಕ್ಕ, ನಾನೇ ನಿಂತು. ಮೊದಲ ಮೂರು ಸಲ ಮರಳಿನ ನಡುವೆ ಗಾಳಿಗುಳ್ಳೆ ಸೇರಿಕೊಂಡಿತು, ಎಲ್ಲ ಸುರಿದು ಮತ್ತೆ ಮೊದಲಿಂದ. ಕೊಳವೆಯ ಬದಿಗೆ ಮರದ ಸುತ್ತಿಗೆಯಿಂದ ನೀನು ಎಷ್ಟು ಮೆತ್ತಗೆ ತಟ್ಟುತ್ತಿದ್ದೆ ಎಂದು ನೆನಪು ಮಾಡಿಕೊಂಡು ತಟ್ಟಿದೆ. ಮೂರು ಕೊಳವೆ. ಒಂದಕ್ಕೆ ಚಾವಣಿ ತೊಟ್ಟಿಯ ನೀರು, ಒಂದಕ್ಕೆ ಕಾಯಿಸಿದ್ದು, ಮೂರನೆಯದಕ್ಕೆ ಬಣ್ಣದ ಕಾರ್ಖಾನೆಯಿಂದ ತರಿಸಿದ ಕೊಳಕು ನೀರು. ಶುರುವಿನಲ್ಲಿ ಮೂರರಲ್ಲೂ ನಿಮಿಷಕ್ಕೆ ಅರವತ್ತೆರಡು ಮಿಲಿ. ನಲವತ್ತನೇ ದಿನ ತೊಟ್ಟಿಯ ನೀರಿನದು ಇಪ್ಪತ್ತೊಂದು. ಕಾಯಿಸಿದ್ದು ಅರವತ್ತು. ಬಣ್ಣದ್ದು ಅರವತ್ತೊಂದು.

ನೀನು ಹೇಳಿದ್ದು ಸರಿ. ನಿನಗೆ ಹೊಟ್ಟೆ ತಣ್ಣಗಾಗಲಿ ಎಂದು ಬರೆಯುತ್ತಿಲ್ಲ, ಅಂಕಿ ಹಾಗೆ ಇದೆ.

ಆದರೆ ಈಗ ನನ್ನ ಸರದಿ. ಚರ್ಮ ಹದ ಮಾಡಿದ ನೀರಿನಲ್ಲೂ ಪಾಚಿ ಬದುಕುವುದಿಲ್ಲ, ಹಾಗಾಗಿ ಬಿಗಿತದ ಪದ ತೆಗೆದುಹಾಕಿ ಉಳಿದ ಸಮೀಕರಣವನ್ನು ಚರ್ಮದ ಹೊಂಡದ ಮೇಲೆ ಓಡಿಸಿದೆ. ಆ ಭಾಗ ಸರಿಯಾಗಿದೆ ಗುಬ್ಬಿ, ಅದರಲ್ಲಿ ಪಾಚಿ ಇಲ್ಲ. ಹೊಂಡ ತುಂಬಿ ಎಂಟು ವರ್ಷ ನಾಲ್ಕು ತಿಂಗಳಾಗಿದೆ. ಸೋರಿದ ನೀರು ನೆಲದಡಿ ದಿನಕ್ಕೆ ಅಂಗೈ ಅಗಲ ನಡೆಯುತ್ತದೆ. ಕೆಳಗಿನ ಮೊದಲ ಬಾವಿ ಮುನ್ನೂರು ಮೀಟರ್ ದೂರ. ಎಂಟು ವರ್ಷ ಹತ್ತು ತಿಂಗಳಿಗೆ ಮುಟ್ಟುತ್ತದೆ, ಒಂದೆರಡು ತಿಂಗಳು ಹಿಂದೆ ಮುಂದೆ. ದೂರು ಬಂದಿಲ್ಲ ಎಂದು ನಾನು ಬೀಗುತ್ತಿದ್ದೆ, ನೀರು ಇನ್ನೂ ದಾರಿಯಲ್ಲಿತ್ತು ಅಷ್ಟೆ. ನಡುವೆ ಒಂದು ಪರೀಕ್ಷಾ ಬಾವಿ ಬೇಡ ಎಂದು ಬರೆದುಕೊಟ್ಟವಳೂ ನಾನೇ. ಕೆಳಗೆ ನಲವತ್ತು ಮನೆ ಇವೆ.

ನಿನಗೆ ಗೊತ್ತಾದದ್ದು ಹನ್ನೆರಡು ವರ್ಷದ ಹಿಂದೆ. ಹೊಂಡ ಕಟ್ಟಿದ್ದು ಎಂಟು ವರ್ಷದ ಹಿಂದೆ. ಪತ್ರಿಕೆ ಕತ್ತರಿಸಿ ಇಟ್ಟುಕೊಂಡವಳಿಗೆ ಅದು ಗೊತ್ತಿರಲಿಲ್ಲ ಎನ್ನಬೇಡ. ನಾನು ತಿಳಿಯದೆ ಕಟ್ಟಿಸಿದೆ. ನೀನು ತಿಳಿದೂ ಸುಮ್ಮನಿದ್ದೆ. ನಮ್ಮಿಬ್ಬರಲ್ಲಿ ಯಾರನ್ನು ಮೊದಲು ಹಿಡಿಯುತ್ತಾರೆ, ಹೇಳು.

ಅದಕ್ಕೇ ಒಂದು ದಾರಿ ಯೋಚಿಸಿದ್ದೇನೆ. ಹದಿನೈದಕ್ಕೆ, ಹೊಸ ಪ್ರಯೋಗ ಮಾಡಿ ನೋಡಿದೆ, ಬಣ್ಣದ ನೀರಿಗೆ ಸಮೀಕರಣ ಹೊಂದುವುದಿಲ್ಲ ಎನ್ನುತ್ತೇನೆ. ಹೊಸ ಹೊಂಡ ನಿಲ್ಲುತ್ತದೆ. ಹಳೆಯದನ್ನು ಈಗಲೇ ಎತ್ತಿದರೆ ವಿಚಾರಣೆ ಶುರುವಾಗುತ್ತದೆ, ನಿನ್ನ ಅಂಚಿನ ಬರಹದವರೆಗೂ ಬರುತ್ತದೆ. ಮಳೆಗಾಲ ಕಳೆದ ಮೇಲೆ ಬೇರೆ ಏನೋ ನೆವದಲ್ಲಿ ಅಲ್ಲಿ ಒಂದು ಬಾವಿ ತೋಡಿಸಿ ನೋಡೋಣ. ನಿನ್ನ ಹೆಸರೂ ಬರುವುದಿಲ್ಲ, ನನ್ನದೂ ಕೆಡುವುದಿಲ್ಲ. ನೋಟ್‌ಬುಕ್ ಸಿಗಲಿಲ್ಲ ಎಂದರಾಯಿತು.

ಅಕ್ಕ


ಏಪ್ರಿಲ್ 3

ಅಕ್ಕ,

ನಿನ್ನ ಕಾಗದ ಬಂದು ಮೂರು ದಿನ ಊಟ ಸೇರಲಿಲ್ಲ. ಇದನ್ನು ಕೇಳಿ ನಿನಗೆ ಖುಷಿಯಾಗುತ್ತದೆ ಎಂದು ಗೊತ್ತು, ಆಗಲಿ.

ಹೌದು, ಗೊತ್ತಿತ್ತು. ಆ ಹೊಂಡದ ಸುದ್ದಿಯನ್ನು ಮೇಸ್ತ್ರಿಯೇ ಓದಿ ಹೇಳಿದ್ದರು. "ಬರೀ ಮರಳು ಹಾಕ್ತಾರಂತೆ, ತಲೆ ನೆಟ್ಟಗಿದೆಯಾ ಇವ್ರಿಗೆ?" ಎಂದು ಬೈದರು. ನಾನು ಆ ತುಂಡನ್ನು ಕತ್ತರಿಸಿ ನಿನ್ನ ಪ್ರಶಸ್ತಿಗಳ ಜೊತೆ ಇಟ್ಟೆ. ಸೋರಲಿ, ಅವಳ ಮಾನ ಊರತುಂಬ ಸೋರಲಿ ಅಂದುಕೊಂಡೆ. ನಿನ್ನ ಮುಖವೊಂದೇ ಕಣ್ಣಿಗೆ ಕಟ್ಟಿತ್ತು. ಬಾವಿಯಿಂದ ನೀರು ಸೇದುವವರು ಇದ್ದಾರೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆಲಸ ನನ್ನದು, ನನಗೇ ಹೊಳೆಯಲಿಲ್ಲ. ನಿನ್ನ ಮೇಲಿನ ಸಿಟ್ಟು ನನ್ನನ್ನು ಅಷ್ಟು ಕುರುಡು ಮಾಡಿತ್ತು. ಅದಕ್ಕೂ ನಿನ್ನನ್ನು ಬಯ್ಯಬೇಕು ಅನ್ನಿಸುತ್ತದೆ, ಬಾಯಿ ಬರುವುದಿಲ್ಲ.

ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದೆ. ಹೊಂಡದ ಸುತ್ತ ತಂತಿಬೇಲಿ, ಕೆಳಗೆ ಇಳಿಜಾರಿನಲ್ಲಿ ಮನೆಗಳು. ಮೊದಲ ಬಾವಿಗೆ ಸಿಮೆಂಟಿನ ಕಟ್ಟೆ. ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನೀರು ಕೇಳಿದೆ. "ಕುಡೀರಿ, ಸಿಹಿಯಾಗಿದೆ, ಬೇಸಿಗೇಲೂ ಬತ್ತಲ್ಲ" ಎಂದು ಚೊಂಬು ಕೊಟ್ಟಳು. ಕುಡಿದೆ. ಸಿಹಿಯಾಗಿಯೇ ಇತ್ತು. ಅವಳಿಗೆ ಹೇಳಬೇಕೆಂದು ಹೋದವಳು, ಏನೆಂದು ಶುರುಮಾಡಲಿ ಎಂದು ತಿಳಿಯದೆ ಬಂದುಬಿಟ್ಟೆ.

ಮಳೆಗಾಲ ಕಳೆಯಲಿ ಎನ್ನುತ್ತೀಯಲ್ಲ, ನಿನ್ನ ಲೆಕ್ಕದ ಪ್ರಕಾರವೇ ಆಗ ಸಮಯ ಮೀರಿರುತ್ತದೆ. ನಿನ್ನ ದಾರಿ ನನಗೆ ಬೇಡ. ನನ್ನನ್ನು ಹೆದರಿಸಿ ಬಾಯಿ ಮುಚ್ಚಿಸುವ ಕಾಲ ಹೋಯಿತು.

ಒಂದು ಮಾತು ಮಾತ್ರ ಉಳಿದಿದೆ. ಆವತ್ತು ಆ ಅಂಚನ್ನು ನೀನು ಒಂದೇ ಒಂದು ಸಲ ಓದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಎರಡು ಸಾಲು. ಅಷ್ಟನ್ನು ಓದದೇ ಇರುವಷ್ಟು ಸಸಾರವೇ ನಾನು ನಿನಗೆ? ಇದಕ್ಕೊಂದು ನೆಟ್ಟಗೆ ಉತ್ತರ ಬರಿ.

ತಂಗಿ


ಏಪ್ರಿಲ್ 8

ಗುಬ್ಬಿ,

ಓದಿದ್ದೆ.

ಪರೀಕ್ಷೆಯ ಹಿಂದಿನ ದಿನ, ಮಧ್ಯಾಹ್ನ. ಅಂಕಿಗಳನ್ನು ಕೊನೆಯ ಸಲ ತಾಳೆ ನೋಡಲು ನಿನ್ನ ಮೇಜಿನಿಂದ ನೋಟ್‌ಬುಕ್ ತೆಗೆದುಕೊಂಡೆ. ಅಂಚು ಕಣ್ಣಿಗೆ ಬಿತ್ತು. ಪಾಚಿ ಎಂದು ಹೊಳೆಯಲಿಲ್ಲ, ಅದು ನಿಜ. ಆದರೆ ಒಂಬತ್ತರಲ್ಲಿ ಬೇರೆಯಾದದ್ದು ನೀರು ಮಾತ್ರ ಎಂದು ತಿಳಿಯಿತು. ಹಾಗಾದರೆ ಇಳಿತಕ್ಕೆ ಕಾರಣ ಮರಳಲ್ಲ ಎಂದೂ ತಿಳಿಯಿತು. ನನ್ನ ಆರು ವರ್ಷ ಆ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ನೋಟ್‌ಬುಕ್ ಮುಚ್ಚಿ ಇದ್ದಲ್ಲೇ ಇಟ್ಟೆ.

ಅವರು ಕೇಳುತ್ತಾರೆ ಎಂದು ಗೊತ್ತಿತ್ತು. ಉತ್ತರವನ್ನು ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದೆ. ಅದಕ್ಕೇ ತಡವರಿಸಲಿಲ್ಲ. ಹೇಳುವಾಗ ಹಿಂದಿನ ಸಾಲಿನಲ್ಲಿದ್ದ ನಿನ್ನನ್ನು ನೋಡಿದೆ, ನೀನು ಪ್ರೊಜೆಕ್ಟರಿನ ಗಾಜು ಒರೆಸುತ್ತಿದ್ದೆ. ನೀನು ಏನೂ ಅನ್ನುವುದಿಲ್ಲ ಎಂಬ ಭರವಸೆ ಇತ್ತು. ಚಿಕ್ಕಂದಿನಿಂದ ನಾನು ಒಡೆದದ್ದಕ್ಕೆಲ್ಲ ಅಮ್ಮನ ಕೈಯಲ್ಲಿ ಏಟು ತಿಂದವಳು ನೀನು. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಇದಕ್ಕೂ ಬಿಡುವುದಿಲ್ಲ ಅಂದುಕೊಂಡೆ. ಬೇರೆ ಯಾವ ಸಹಾಯಕಿ ಇದ್ದಿದ್ದರೂ ನನಗೆ ಆ ಧೈರ್ಯ ಬರುತ್ತಿರಲಿಲ್ಲ.

ಹೋದ ಕಾಗದದಲ್ಲಿ ತಿಳಿಯದೆ ಕಟ್ಟಿಸಿದೆ ಎಂದು ಬರೆದೆ. ಅದೂ ಸುಳ್ಳು. ಚರ್ಮದ ಹೊಂಡಕ್ಕೆ ಸಹಿ ಹಾಕುವ ದಿನ ಆ ಎರಡು ಸಾಲು ನೆನಪಾಗಿತ್ತು. ಆ ಹೊತ್ತಿಗೆ ಸಮೀಕರಣ ಪುಸ್ತಕ ಸೇರಿತ್ತು, ನನ್ನ ಹತ್ತಿರ ಓದಿದವರು ಬೇರೆಯವರಿಗೆ ಪಾಠ ಹೇಳುತ್ತಿದ್ದರು. ಇಷ್ಟು ಜನ ನಂಬಿದ್ದು ಸುಳ್ಳಾಗಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹತ್ತೊಂಬತ್ತು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ ಇಲ್ಲ. ಹೇಳಿದ ಮೇಲೆ ಎದೆಯ ಕಲ್ಲು ಇಳಿದ ಹಾಗಾಗಿದೆ. ನೀನು ನನ್ನನ್ನು ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಆದರೆ ಹದಿನೈದಕ್ಕೆ ನಾನು ಆಗಲೇ ಬರೆದ ಹಾಗೆಯೇ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ನಿನ್ನ ಅಕ್ಕನನ್ನು ಬೀದಿಗೆ ಎಳೆಯಬೇಡ. ಇದನ್ನು ಓದಿದ ಕೂಡಲೇ ಸುಟ್ಟುಬಿಡು. ನೀನು ಮಾಡುತ್ತೀ ಎಂದು ನಂಬಿದ್ದೇನೆ.

ಅಕ್ಕ


ಏಪ್ರಿಲ್ 12

ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ನೀರು ಶುದ್ಧೀಕರಣ ಘಟಕದಲ್ಲಿ ಮರಳುತೊಟ್ಟಿಗಳ ಉಸ್ತುವಾರಿ ನೋಡುತ್ತೇನೆ. ನೀವು ಕೇಳುತ್ತಿದ್ದ ಮೂಲ ನೋಟ್‌ಬುಕ್ ಈ ಕಟ್ಟಿನಲ್ಲಿದೆ. ಪೂರ್ತಿ ನನ್ನ ಕೈಬರಹ. ನಲವತ್ತೆರಡನೇ ಪುಟದ ಅಂಚು ನೋಡಿ.

ಅದರ ಜೊತೆ ಏಳು ಕಾಗದಗಳಿವೆ. ನಾಲ್ಕು ನನ್ನ ಅಕ್ಕನವು, ನಿಮಗೆ ಲೆಕ್ಕ ಒಪ್ಪಿಸುವ ತಜ್ಞೆ ಅವರೇ. ಅವು ಮೂಲಪ್ರತಿಗಳು. ಏಪ್ರಿಲ್ ಎಂಟರದ್ದನ್ನು ಸುಡಲು ಹೇಳಿದ್ದರು. ಒಲೆಯ ಹತ್ತಿರ ಕೂತು ಇನ್ನೊಮ್ಮೆ ಓದಿದೆ, ಸುಡಲಿಲ್ಲ. ಉಳಿದ ಮೂರು ನನ್ನವು, ಕಾರ್ಬನ್ ಪ್ರತಿಗಳು. ಅವನ್ನು ಮೊದಲು ಕಟ್ಟಿಗೆ ಹಾಕಿರಲಿಲ್ಲ. ಅಕ್ಕನ ಕಾಗದಗಳನ್ನಷ್ಟೇ ಲಕೋಟೆಯಲ್ಲಿಟ್ಟು ಅಂಟು ಹಚ್ಚಿದ್ದೆ. ಅಂಚೆ ಕಚೇರಿಯ ಬಾಗಿಲವರೆಗೆ ಹೋಗಿ ವಾಪಸು ಬಂದು ಬಿಚ್ಚಿದೆ. ನನಗೆ ಬೇಕಾದ ಪುಟ ತೋರಿಸಿ ಬೇಡದ್ದನ್ನು ಬಚ್ಚಿಟ್ಟರೆ ನಾನೂ ಅವಳ ವಿದ್ಯೆಯನ್ನೇ ಕಲಿತ ಹಾಗಾಯಿತು.

ಏಪ್ರಿಲ್ ಮೂರರದ್ದನ್ನು ಓದಿದರೆ ನನ್ನ ಪಾಲು ನಿಮಗೆ ತಿಳಿಯುತ್ತದೆ. ಹನ್ನೆರಡು ವರ್ಷ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಹೊಂಡ ತೋಡುವಾಗ ಒಂದು ಕಾಗದ ಬರೆದಿದ್ದರೆ ನಿಲ್ಲುತ್ತಿತ್ತು. ಈ ಕಟ್ಟು ನಿಮಗೆ ತಲುಪುವ ಹೊತ್ತಿಗೆ ನಮ್ಮ ಮುಖ್ಯ ಎಂಜಿನಿಯರಿಗೂ ಇದನ್ನೇ ಬರೆದುಕೊಟ್ಟಿರುತ್ತೇನೆ. ಮೇಸ್ತ್ರಿಗೆ ಇವತ್ತು ಬಾಯಲ್ಲೇ ಹೇಳಿದೆ. "ಅಷ್ಟು ದಿನ ನಮ್ಮ ಜೊತೆ ನೀರು ತುಳೀತಾ ಇದ್ದು..." ಎಂದು ಅರ್ಧಕ್ಕೆ ನಿಲ್ಲಿಸಿ ಸಲಿಕೆ ತೆಗೆದುಕೊಂಡು ಹೋದರು.

ಹದಿನೈದರವರೆಗೆ ಕಾಯಬೇಡಿ. ಚರ್ಮದ ಹೊಂಡದ ಕೆಳಗಿನ ಬಾವಿಗಳ ನೀರನ್ನು ಇದು ಕೈಸೇರಿದ ದಿನವೇ ತೆಗೆಸಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಆ ನಲವತ್ತು ಮನೆಗಳಿಗೆ ಟ್ಯಾಂಕರ್ ಕಳಿಸಿ. ನಾನು ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ. ಈ ಸಲ ಹೇಳಿಯೇ ಬರುತ್ತೇನೆ. ನೀರು ಬಾವಿ ಮುಟ್ಟುವ ಲೆಕ್ಕ ಅಕ್ಕನ ಮಾರ್ಚ್ ಕಾಗದದಲ್ಲಿದೆ. ಅದನ್ನು ನಂಬಿ. ಅವಳು ಕೈಯಾರೆ ಅಳೆದು ಮಾಡಿದ ಲೆಕ್ಕ ಅದೊಂದೇ.

ವಿಚಾರಣೆಯಲ್ಲಿ ಅವಳು ಚೆನ್ನಾಗಿ ಮಾತಾಡುತ್ತಾಳೆ. ಅಳುವುದೂ ಬರುತ್ತದೆ. ವಯಸ್ಸು, ಹೆಸರು, ಮಾಡಿದ ಸೇವೆ ಎಂದು ಯಾರಾದರೂ ನಡುವೆ ಬರುತ್ತಾರೆ. ಅವಳ ಮೇಲೆ ಒಂದಿಷ್ಟೂ ಕರುಣೆ ತೋರಿಸಬೇಡಿ. ಹೀಗೆ ಕೇಳುವ ಹಕ್ಕು ನನಗೆ ಬರುವುದು ಒಂದೇ ರೀತಿಯಲ್ಲಿ, ಆದ್ದರಿಂದ ಅದನ್ನೂ ಬರೆದು ಸಹಿ ಹಾಕುತ್ತಿದ್ದೇನೆ: ನನ್ನ ಮೇಲೂ ತೋರಿಸಬೇಡಿ.

ಅವರ ತಂಗಿ